ಕಾಫಿಯ ನೆಂಟ, ಚಳಿಜ್ವರದ ಮದ್ದು

ಮೂಡಿಗೆರೆಯಿಂದ ದೇವರಮನೆಗೆ ಹೋಗುವ ದಾರಿಯಲ್ಲಿ ಕಾಫಿ ತೋಟಗಳಿಗೆ ಬರವಿಲ್ಲ. ಬೇಲಿಯಂಚಿನಲ್ಲಿ, ಕುರುಚಲು ಕಾಡಿನಲ್ಲಿ ಅಲ್ಲಲ್ಲಿ ಕೇಪಳದ ಕೆಂಪು ಹೂಗೊಂಚಲು ಕಾಣುತ್ತದೆ. ನೋಟಕ್ಕೆ ಸಂಬಂಧವಿಲ್ಲದಂತೆ ಕಂಡರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕಾಫಿ ಮತ್ತು ಕೇಪಳ ಒಂದೇ ಮನೆತನದವು. ರೂಬಿಯೇಸಿ ಎಂಬ ಈ ಮನೆತನಕ್ಕೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಇನ್ನೊಂದು ನೆಂಟಸ್ತಿಕೆಯಿದೆ. ಅದು ಸಿಂಕೋನಾ ಮರ. ಅದರ ತೊಗಟೆಯಿಂದ ಬಂದ ಕ್ವಿನೈನ್, ಮಲೆನಾಡಿನ ಚಳಿಜ್ವರಕ್ಕೆ ಒಂದು ಕಾಲದಲ್ಲಿ ಇದ್ದ ಒಂದೇ ಖಚಿತ ಮದ್ದಾಗಿತ್ತು.

ಇಂದು ದೇವರಮನೆಗೆ ಹೋಗುವವರು ಮಂಜು ನೋಡಲು, ಕಾಲಭೈರವೇಶ್ವರನ ದರ್ಶನ ಪಡೆಯಲು, ಘಟ್ಟದ ಅಂಚಿನಲ್ಲಿ ನಿಂತು ಕೆಳಗಿನ ಕಣಿವೆಯನ್ನು ಕಣ್ತುಂಬಿಕೊಳ್ಳಲು ಹೋಗುತ್ತಾರೆ. ನೂರು ವರ್ಷಗಳ ಹಿಂದೆ ಇಂಥ ಬೆಟ್ಟಸೀಮೆಯಲ್ಲಿ ರಾತ್ರಿ ತಂಗುವುದಕ್ಕೆ ಬಯಲುಸೀಮೆಯ ಜನ ಹೆದರುತ್ತಿದ್ದರು. ಮಲೆನಾಡಿಗೆ ವರ್ಗವಾಗುವುದೆಂದರೆ ಸರ್ಕಾರಿ ನೌಕರನಿಗೆ ಶಿಕ್ಷೆಯಂತೆಯೇ ಇತ್ತು. ಆ ಭಯ ಹೋಗಲು ಕಾರಣವಾದದ್ದು ಕೆಲವು ರಾಸಾಯನಿಕಗಳು. ಅವು ಹೇಗೆ ಹುಟ್ಟಿದವು, ಯಾರಿಗಾಗಿ ಹುಟ್ಟಿದವು ಎಂಬ ಕಥೆ ಸ್ವಾರಸ್ಯದ್ದು. ಅದರಲ್ಲಿ ಇಂದಿಗೂ ಉತ್ತರ ಸಿಗದ ಒಂದು ಪ್ರಶ್ನೆಯೂ ಇದೆ.

ತಿಳಿನೀರಿನ ಸೊಳ್ಳೆ

ಸೊಳ್ಳೆ ಎಂದೊಡನೆ ಕೊಳಚೆ ನೀರು ನೆನಪಾಗುತ್ತದೆ. ಮಲೆನಾಡಿನ ಮಲೇರಿಯಾದ ಮಟ್ಟಿಗೆ ಈ ನಂಬಿಕೆ ಸರಿಯಲ್ಲ. ಪಶ್ಚಿಮಘಟ್ಟದ ಬೆಟ್ಟಗಳಲ್ಲಿ ಈ ರೋಗವನ್ನು ಹರಡುತ್ತಿದ್ದ ಮುಖ್ಯ ಸೊಳ್ಳೆಯ ಹೆಸರು ಅನಾಫಿಲಿಸ್ ಫ್ಲೂವಿಯಾಟಿಲಿಸ್. ಲ್ಯಾಟಿನ್ ಭಾಷೆಯಲ್ಲಿ ಇದರ ಅರ್ಥ ನದಿಗೆ ಸಂಬಂಧಪಟ್ಟದ್ದು ಎಂದು. ಹುಲ್ಲು ಬೆಳೆದ ಅಂಚಿನ, ಮೆಲ್ಲಗೆ ಹರಿಯುವ ತಿಳಿಯಾದ ತೊರೆಯಲ್ಲಿ, ಗದ್ದೆಗೆ ನೀರು ಹಾಯಿಸುವ ಕಾಲುವೆಯಲ್ಲಿ ಇದು ಮೊಟ್ಟೆಯಿಡುತ್ತದೆ. ಮುಂಗಾರಿನ ಭೋರ್ಗರೆತದಲ್ಲಿ ಮರಿಗಳು ಕೊಚ್ಚಿಹೋಗುತ್ತವೆ. ಮಳೆ ತಗ್ಗಿ ನೀರು ತಿಳಿಯಾದ ಮೇಲೆ ಮತ್ತೆ ಹೆಚ್ಚುತ್ತವೆ. ಹೇಮಾವತಿ, ಭದ್ರೆ, ನೇತ್ರಾವತಿಗಳಿಗೆ ನೀರೂಡುವ ನೂರಾರು ಸಣ್ಣ ಹಳ್ಳಗಳ ಈ ಸೀಮೆ ಅದಕ್ಕೆ ಹೇಳಿ ಮಾಡಿಸಿದ ತಾಣವಾಗಿತ್ತು. ನೆಲದ ಸೊಬಗಿಗೆ ಕಾರಣವಾದ ನೀರೇ ರೋಗಕ್ಕೂ ಕಾರಣವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಈ ಬೆಟ್ಟಗಳಲ್ಲಿ ಕಾಫಿ ತೋಟಗಳು ಹಬ್ಬತೊಡಗಿದವು. ಕಾಡು ಕಡಿಯಲು, ಗುಂಡಿ ತೆಗೆಯಲು, ಹಣ್ಣು ಕೊಯ್ಯಲು ಆಳುಗಳು ಬೇಕಾದರು. ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಜನರನ್ನು ಕರೆತಂದರು. ಹುಟ್ಟಿನಿಂದಲೇ ಜ್ವರದ ನಡುವೆ ಬೆಳೆದು ಬದುಕಿ ಉಳಿದವರಿಗೆ ಅಷ್ಟಿಷ್ಟು ತಡೆಯುವ ಶಕ್ತಿ ಬಂದಿರುತ್ತದೆ. ಹೊಸದಾಗಿ ಬಂದವರಿಗೆ ಅದು ಇರುವುದಿಲ್ಲ. ಲೈನ್ ಮನೆಗಳಲ್ಲಿ ಒತ್ತೊತ್ತಾಗಿ ಮಲಗಿದ ಇವರಲ್ಲಿ ಒಬ್ಬರಿಗೆ ಬಂದ ಜ್ವರ ಸೊಳ್ಳೆಯ ಮೂಲಕ ಎಲ್ಲರಿಗೂ ಹಬ್ಬುತ್ತಿತ್ತು.

ದಿನ ಬಿಟ್ಟು ದಿನ ನಡುಕ, ಅನಂತರ ಸುಡುವ ಮೈ, ಆಮೇಲೆ ಬೆವರು. ಪದೇ ಪದೇ ಜ್ವರ ಬಂದವರ ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿಕೊಂಡು ಕೈಗೆ ಸಿಗುವಷ್ಟು ಗಟ್ಟಿಯಾಗುತ್ತಿತ್ತು. ಮಲೆನಾಡಿಗರು ಇದನ್ನು ಜ್ವರಗಡ್ಡೆ ಎಂದು ಕರೆದರು. ಮೈಸೂರು ಸಂಸ್ಥಾನದ ಜನಗಣತಿಗಳು ಮಲೆನಾಡಿನ ತಾಲ್ಲೂಕುಗಳಲ್ಲಿ ಜನಸಂಖ್ಯೆ ಏಳಿಗೆ ಕಾಣದಿರುವುದನ್ನು ಗುರುತಿಸಿದ್ದವು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮಲೆನಾಡು ಅಭಿವೃದ್ಧಿಗೆಂದೇ ಒಂದು ಯೋಜನೆ ರೂಪುಗೊಂಡಿತು.

ಮನೆಮದ್ದುಗಳು ಇರಲಿಲ್ಲವೆಂದಲ್ಲ. ಅಮೃತಬಳ್ಳಿ, ನೆಲಬೇವುಗಳ ಕಹಿ ಕಷಾಯವನ್ನು ಜನ ಕುಡಿಯುತ್ತಿದ್ದರು. ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ತುಳುನಾಡಿನಲ್ಲಿ ಈಗಲೂ ಇದೆ. ಈ ಮರದ ತೊಗಟೆ 1868ರ ಭಾರತೀಯ ಔಷಧಕೋಶದಲ್ಲೂ ಜಾಗ ಪಡೆದಿತ್ತು. ಕ್ವಿನೈನಿಗೆ ಬದಲಾಗಿ ಇದನ್ನು ಬಳಸಬಹುದೇ ಎಂದು ವೈದ್ಯರು ನೋಡಿದರು. ಕಹಿಯಲ್ಲಿ ಸರಿಸಾಟಿಯಾದರೂ ಗುಣದಲ್ಲಿ ಅದು ಕ್ವಿನೈನಿನ ಸಮಕ್ಕೆ ಬರಲಿಲ್ಲ.

ತೊಗಟೆಯಿಂದ ಪುಡಿಗೆ

1820ರಲ್ಲಿ ಪ್ಯಾರಿಸ್ಸಿನ ಪೆಲೆಟಿಯೇ ಮತ್ತು ಕಾವೆಂಟೂ ಎಂಬ ಇಬ್ಬರು ಔಷಧಿಕಾರರು ಸಿಂಕೋನಾ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. ಅದಕ್ಕೆ ಒಂದು ವರ್ಷ ಮುಂಚೆ, 1819ರಲ್ಲಿ, ಜರ್ಮನಿಯ ರುಂಗೆ ಎಂಬಾತ ಕಾಫಿ ಬೀಜದಿಂದ ಕೆಫೀನನ್ನು ಹೊರತೆಗೆದಿದ್ದ. ಎರಡೂ ಸಾರಜನಕವಿರುವ ಕಹಿ ವಸ್ತುಗಳು. ರಸಾಯನಶಾಸ್ತ್ರದಲ್ಲಿ ಇವಕ್ಕೆ ಆಲ್ಕಲಾಯ್ಡ್ ಎಂದು ಹೆಸರು. ಒಂದೇ ಸಸ್ಯ ಮನೆತನದ ಎರಡು ಗಿಡಗಳ ಸತ್ವ ಹೆಚ್ಚುಕಡಿಮೆ ಒಂದೇ ವೇಳೆಗೆ ಮನುಷ್ಯನ ಕೈಗೆ ಬಂತು.

ತೊಗಟೆ ಕುಟ್ಟಿ ಕುಡಿಸುವ ಕಾಲಕ್ಕೂ ತೂಕ ಮಾಡಿ ಪುಡಿ ಕೊಡುವ ಕಾಲಕ್ಕೂ ದೊಡ್ಡ ವ್ಯತ್ಯಾಸವಿದೆ. ಒಂದು ತೊಗಟೆಯಲ್ಲಿ ಮದ್ದು ಹೆಚ್ಚಿರಬಹುದು, ಇನ್ನೊಂದರಲ್ಲಿ ಏನೂ ಇಲ್ಲದಿರಬಹುದು. ಶುದ್ಧ ಪುಡಿಯಾದರೆ ಎಷ್ಟು ಕೊಟ್ಟರೆ ಜ್ವರ ಇಳಿಯುತ್ತದೆ, ಎಷ್ಟಾದರೆ ಕಿವಿ ಗುಂಯ್‌ಗುಡುತ್ತದೆ ಎಂದು ಲೆಕ್ಕ ಹಾಕಬಹುದು.

1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಎಂಬ ಇಂಗ್ಲಿಷ್ ಅಧಿಕಾರಿ ದಕ್ಷಿಣ ಅಮೆರಿಕದಿಂದ ಸಿಂಕೋನಾ ಸಸಿ ಮತ್ತು ಬೀಜಗಳನ್ನು ಭಾರತಕ್ಕೆ ತರುವ ಕೆಲಸ ಕೈಗೊಂಡ. ನೀಲಗಿರಿಯ ಊಟಿ, ನಡುವಟ್ಟಂಗಳಲ್ಲಿ ಸರ್ಕಾರಿ ತೋಟಗಳು ಎದ್ದವು. ಆದರೆ ಹೆಚ್ಚು ಕ್ವಿನೈನ್ ಕೊಡುವ ತಳಿ ಸಿಕ್ಕಿದ್ದು ಡಚ್ಚರಿಗೆ. ಬೊಲಿವಿಯದ ಮೂಲನಿವಾಸಿ ಮ್ಯಾನುಯೆಲ್ ಇಂಕ್ರಾ ಮಮಾನಿ ಆರಿಸಿ ಕೊಟ್ಟ ಬೀಜಗಳನ್ನು ಅವನ ಧಣಿ ಚಾರ್ಲ್ಸ್ ಲೆಜರ್ 1865ರಲ್ಲಿ ಯುರೋಪಿಗೆ ಕಳಿಸಿದ. ಬ್ರಿಟಿಷ್ ಸರ್ಕಾರ ಬೇಡವೆಂದಿತು, ಡಚ್ಚರು ಕೊಂಡರು. ಬೀಜ ಕೊಟ್ಟ ಮಮಾನಿ ಮಾತ್ರ ತನ್ನ ನಾಡಿನಲ್ಲಿ ಸೆರೆಯಾಗಿ, ಪೆಟ್ಟು ತಿಂದು ಸತ್ತ. ಆ ಬೀಜದಿಂದ ಬೆಳೆದ ಜಾವಾ ದ್ವೀಪದ ತೋಟಗಳು ಮುಂದೆ ಜಗತ್ತಿನ ಕ್ವಿನೈನಿನ ನೂರಕ್ಕೆ ತೊಂಬತ್ತು ಪಾಲನ್ನು ಒದಗಿಸಿದವು.

ರೋಗ ಹೇಗೆ ಹರಡುತ್ತದೆಂಬುದು ತಿಳಿಯುವ ಮೊದಲೇ ಮದ್ದು ಸಿಕ್ಕಿತ್ತೆಂಬುದು ಇಲ್ಲಿನ ವಿಶೇಷ. ಜ್ವರಕ್ಕೆ ಕಾರಣವಾದ ಪರೋಪಜೀವಿಯನ್ನು ಫ್ರೆಂಚ್ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಕಂಡದ್ದು 1880ರಲ್ಲಿ. ಅದನ್ನು ಸೊಳ್ಳೆ ಹೊರುತ್ತದೆಂದು ತೋರಿಸಿದ ರೊನಾಲ್ಡ್ ರಾಸ್ ಬೆಂಗಳೂರಿಗೆ ಹೊಸಬನಲ್ಲ. 1895ರಿಂದ ಸುಮಾರು ಒಂದೂವರೆ ವರ್ಷ ಆತ ಇಲ್ಲಿ ಕಾಲರಾ ತಡೆಯುವ ಕೆಲಸದಲ್ಲಿದ್ದ. ನೀಲಗಿರಿಯ ಸೀಗೂರು ಘಟ್ಟಕ್ಕೆ ಮಲೇರಿಯಾ ಅರಸಿ ಹೋಗಿ ತಾನೇ ಜ್ವರ ಹಿಡಿಸಿಕೊಂಡ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಪರೋಪಜೀವಿಯನ್ನು ಕಂಡ.

ಬಣ್ಣದ ಕಾರ್ಖಾನೆಯಲ್ಲಿ ಮದ್ದು

ಮರದ ಹಂಗಿಲ್ಲದೆ ಕ್ವಿನೈನನ್ನು ತಯಾರಿಸಬಹುದೇ? 1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಈ ಪ್ರಶ್ನೆಯ ಬೆನ್ನು ಹತ್ತಿದ. ಕ್ವಿನೈನಿನ ಒಂದು ಅಣುವಿನಲ್ಲಿ 20 ಇಂಗಾಲ, 24 ಜಲಜನಕ, 2 ಸಾರಜನಕ, 2 ಆಮ್ಲಜನಕ ಪರಮಾಣುಗಳಿವೆ. ಕಲ್ಲಿದ್ದಲ ಡಾಂಬರಿನಿಂದ ದೊರೆಯುವ ವಸ್ತುಗಳಿಂದ ತಯಾರಿಸಿದ ಒಂದು ಸಂಯುಕ್ತದಲ್ಲಿ ಇಂಗಾಲ 10, ಜಲಜನಕ 13, ಸಾರಜನಕ 1. ಎರಡು ಅಂಥ ಅಣುಗಳನ್ನು ಆಮ್ಲಜನಕದೊಡನೆ ಸೇರಿಸಿ ನೀರನ್ನು ಕಳೆದರೆ ಕ್ವಿನೈನ್ ಬರಬೇಕೆಂಬುದು ಅವನ ಲೆಕ್ಕ. ಲೆಕ್ಕವೇನೋ ಸರಿಯಾಗಿತ್ತು. ಆದರೆ ಅಷ್ಟೇ ಮರ, ಅಷ್ಟೇ ಕಲ್ಲು, ಅಷ್ಟೇ ಹೆಂಚು ಒಟ್ಟುಮಾಡಿದರೆ ತೊಟ್ಟಿಮನೆ ಎದ್ದುಬಿಡುವುದಿಲ್ಲ. ಯಾವುದು ಎಲ್ಲಿ ಕೂರಬೇಕೆಂಬುದು ಗೊತ್ತಿರಬೇಕು. ಅಣುಗಳ ಒಳರಚನೆ ಆಗಿನವರಿಗೆ ತಿಳಿದಿರಲಿಲ್ಲ.

ಪರ್ಕಿನ್‌ಗೆ ಮೊದಲು ಸಿಕ್ಕಿದ್ದು ಕೆಂಗಂದು ಕೆಸರು. ಅನಿಲೀನ್ ಬಳಸಿ ಅದೇ ಪ್ರಯೋಗ ಮಾಡಿದಾಗ ಬಂದ ಕಪ್ಪು ವಸ್ತುವನ್ನು ಮದ್ಯಸಾರದಲ್ಲಿ ಕರಗಿಸಿದರೆ ಚೆಲುವಾದ ನೇರಳೆ ಬಣ್ಣ ಕಂಡಿತು. ಅದೇ ಮೊದಲ ಪ್ರಸಿದ್ಧ ಕೃತಕ ಬಣ್ಣ. ಅನಿಲೀನ್ ಎಂಬ ಹೆಸರಿಗೂ ನಮ್ಮ ನಾಡಿಗೂ ನಂಟಿದೆ. ನೀಲಿ ಗಿಡದ ಬಣ್ಣದಿಂದ ಈ ವಸ್ತುವನ್ನು ಮೊದಲು ಪಡೆದದ್ದು. ಸಂಸ್ಕೃತದ ನೀಲ ಅರಬರ ಬಾಯಲ್ಲಿ ಅನ್ನೀಲ್ ಆಗಿ, ಪೋರ್ಚುಗೀಸರಲ್ಲಿ ಅನಿಲ್ ಆಗಿ, ಕೊನೆಗೆ ಅನಿಲೀನ್ ಆಯಿತು. ಕ್ವಿನೈನನ್ನು ಕಟ್ಟುವ ದಾರಿಯನ್ನು ವುಡ್‌ವರ್ಡ್ ಮತ್ತು ಡೋರಿಂಗ್ ಎಂಬ ಅಮೆರಿಕದ ರಸಾಯನಜ್ಞರು ತೋರಿಸಿದ್ದು 1944ರಲ್ಲಿ. ಅಗ್ಗವಾಗಿ ತಯಾರಿಸುವ ದಾರಿ ಮಾತ್ರ ಅದಲ್ಲ. ಕ್ವಿನೈನ್ ಇಂದಿಗೂ ತೊಗಟೆಯಿಂದಲೇ ಬರುತ್ತದೆ.

ಪರ್ಕಿನ್‌ನ ಸೋಲು ಇನ್ನೊಂದು ಬಾಗಿಲು ತೆರೆಯಿತು. ಜರ್ಮನಿಯಲ್ಲಿ ದೊಡ್ಡ ದೊಡ್ಡ ಬಣ್ಣದ ಕಾರ್ಖಾನೆಗಳು ಎದ್ದವು. ಸೂಕ್ಷ್ಮದರ್ಶಕದಡಿ ನೋಡಲೆಂದು ಜೀವಕೋಶಗಳಿಗೆ ಈ ಬಣ್ಣಗಳನ್ನು ಹಚ್ಚುತ್ತಿದ್ದ ಪಾಲ್ ಎರ್ಲಿಕ್, ಮೆಥಿಲೀನ್ ನೀಲಿ ಎಂಬ ಬಣ್ಣವನ್ನು ಮಲೇರಿಯಾದ ಪರೋಪಜೀವಿ ಹೀರಿಕೊಳ್ಳುವುದನ್ನು ಗಮನಿಸಿದ. ರೋಗಾಣುವಿಗೆ ಅಂಟುವ ಬಣ್ಣ ರೋಗಾಣುವನ್ನೇ ಕೊಲ್ಲಬಾರದೇಕೆ? 1891ರಲ್ಲಿ ಆತ ಮತ್ತು ಗಟ್‌ಮನ್ ಇಬ್ಬರು ರೋಗಿಗಳಿಗೆ ಅದನ್ನು ಕೊಟ್ಟರು, ಇಬ್ಬರೂ ಗುಣವಾದರು. ಪ್ರಯೋಗಶಾಲೆಯಲ್ಲಿ ಕಟ್ಟಿದ ಅಣುವೊಂದು ಪರೋಪಜೀವಿಯ ಮೇಲೆ ಗೆದ್ದ ಮೊದಲ ಸಂದರ್ಭಗಳಲ್ಲಿ ಇದೂ ಒಂದು.

ಇದೇ ದಾರಿಯಲ್ಲಿ ಜರ್ಮನಿಯ ಎಲ್ಬರ್‌ಫೆಲ್ಡ್‌ನ ಬೇಯರ್ ಪ್ರಯೋಗಶಾಲೆಯಿಂದ 1920ರ ದಶಕದಲ್ಲಿ ಪಾಮಾಕ್ವಿನ್, 1930ರ ದಶಕದ ಆರಂಭದಲ್ಲಿ ಮೆಪಕ್ರಿನ್ ಹೊರಬಂದವು. ಮೆಪಕ್ರಿನ್ ಹಳದಿ ಬಣ್ಣದ ವಸ್ತು. ನುಂಗಿದವರ ಮೈಯೂ ಹಳದಿಗೆ ತಿರುಗುತ್ತಿತ್ತು. 1934ರಲ್ಲಿ ಅದೇ ಪ್ರಯೋಗಶಾಲೆಯ ಹನ್ಸ್ ಆಂಡರ್‌ಸಾಗ್ ಇನ್ನೊಂದು ಸಂಯುಕ್ತವನ್ನು ಕಟ್ಟಿದ. ಇದು ಮನುಷ್ಯರಿಗೆ ವಿಷವಾದೀತೆಂದು ಅಲ್ಲಿನವರು ಬದಿಗಿಟ್ಟರು. ಆ ಸಂಯುಕ್ತವೇ ಮುಂದೆ ಲೋಕಪ್ರಸಿದ್ಧವಾದ ಕ್ಲೋರೋಕ್ವಿನ್.

ಯುದ್ಧ ತಂದ ಮಾತ್ರೆ

1942ರ ಮಾರ್ಚಿನಲ್ಲಿ ಜಪಾನೀಯರು ಜಾವಾ ದ್ವೀಪವನ್ನು ಹಿಡಿದರು. ಜಗತ್ತಿಗೆ ಕ್ವಿನೈನ್ ಬರುವ ದಾರಿ ಮುಚ್ಚಿತು. ಬರ್ಮಾ, ಪೆಸಿಫಿಕ್ ದ್ವೀಪಗಳಲ್ಲಿ ಸೈನಿಕರು ಗುಂಡಿಗಿಂತ ಹೆಚ್ಚಾಗಿ ಜ್ವರಕ್ಕೆ ಹಾಸಿಗೆ ಹಿಡಿದರು. ಅಮೆರಿಕ ಸರ್ಕಾರ ವಿಶ್ವವಿದ್ಯಾಲಯಗಳನ್ನೂ ಕಂಪನಿಗಳನ್ನೂ ಒಟ್ಟುಗೂಡಿಸಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಸಂಯುಕ್ತಗಳನ್ನು ಪರೀಕ್ಷಿಸಿತು. 1943ರಲ್ಲಿ ಟ್ಯೂನಿಸ್ ನಗರ ಮಿತ್ರಪಡೆಗಳ ವಶವಾದಾಗ ಅಲ್ಲಿನ ಫ್ರೆಂಚ್ ವೈದ್ಯರ ಬಳಿ ಒಂದು ಜರ್ಮನ್ ಔಷಧಿಯ ಮಾದರಿ ಸಿಕ್ಕಿತು. ಅದನ್ನು ಪರೀಕ್ಷಿಸುತ್ತ ಹೋದವರು ಅದರ ಸೋದರ ಸಂಯುಕ್ತವಾದ, ಆಂಡರ್‌ಸಾಗ್ ಕಟ್ಟಿ ಬದಿಗಿಟ್ಟಿದ್ದ ವಸ್ತುವಿಗೆ ಮರಳಿದರು. 1946ರಲ್ಲಿ ಅದಕ್ಕೆ ಕ್ಲೋರೋಕ್ವಿನ್ ಎಂದು ಹೆಸರಾಯಿತು. ಅಗ್ಗದ, ಕ್ವಿನೈನಿಗಿಂತ ಸುರಕ್ಷಿತವಾದ ಮದ್ದು ಹತ್ತು ವರ್ಷ ಕಪಾಟಿನಲ್ಲಿ ಕುಳಿತಿತ್ತು.

ಈ ಮದ್ದು ಮಾಡುವ ಕೆಲಸವನ್ನು ಕಾಫಿ ಸೀಮೆಯವರಿಗೆ ಪಲ್ಪರ್ ಮನೆಯ ಉದಾಹರಣೆಯಿಂದ ಹೇಳಬಹುದು. ಹಣ್ಣಿನ ಸಿಪ್ಪೆ ತೆಗೆದು ಬೀಜ ತೊಳೆದ ಮೇಲೆ ಕೊಳೆನೀರು ಉಳಿಯುತ್ತದೆ. ಅದನ್ನು ಗುಂಡಿಯಲ್ಲಿ ಹಿಡಿದಿಡದೆ ಬಿಟ್ಟರೆ ಹಳ್ಳದ ಮೀನು ಸಾಯುತ್ತದೆ. ಮಲೇರಿಯಾದ ಪರೋಪಜೀವಿಯೂ ಹಾಗೆಯೇ ನಮ್ಮ ಕೆಂಪು ರಕ್ತಕಣದೊಳಗೆ ಕುಳಿತು ಹಿಮೋಗ್ಲೋಬಿನ್ ತಿನ್ನುತ್ತದೆ. ಪ್ರೋಟೀನ್ ಭಾಗ ಅದಕ್ಕೆ ಆಹಾರ. ಉಳಿಯುವ ಕಬ್ಬಿಣದ ಅಂಶವಾದ ಹೀಮ್ ಅದಕ್ಕೇ ವಿಷ. ಆ ವಿಷವನ್ನು ಅದು ಹರಳುಗಟ್ಟಿಸಿ ಮೂಲೆಗಿಡುತ್ತದೆ. ಕ್ಲೋರೋಕ್ವಿನ್ ಹೀಮ್‌ಗೆ ಅಂಟಿಕೊಂಡು ಹರಳಾಗದಂತೆ ತಡೆಯುತ್ತದೆ. ಪರೋಪಜೀವಿ ತನ್ನ ಕೊಳೆಯಿಂದ ತಾನೇ ಸಾಯುತ್ತದೆ.

ಯುದ್ಧದಿಂದ ಬಂದ ಎರಡನೆಯ ರಾಸಾಯನಿಕ ಡಿ.ಡಿ.ಟಿ. 1874ರಲ್ಲೇ ತಯಾರಾಗಿದ್ದ ಈ ವಸ್ತು ಕೀಟಗಳನ್ನು ಕೊಲ್ಲುತ್ತದೆಂದು 1939ರಲ್ಲಿ ಕಂಡವನು ಸ್ವಿಟ್ಜರ್‌ಲೆಂಡಿನ ಪಾಲ್ ಮುಲ್ಲರ್. ಫ್ಲೂವಿಯಾಟಿಲಿಸ್ ಸೊಳ್ಳೆ ಹಗಲು ಮನೆ, ಕೊಟ್ಟಿಗೆಗಳ ಗೋಡೆಯ ಮೇಲೆ ಕೂತು ವಿರಮಿಸುತ್ತದೆ. ಗೋಡೆಗೆ ಡಿ.ಡಿ.ಟಿ. ಹೊಡೆದರೆ ತೊರೆಗಳನ್ನೆಲ್ಲ ಹುಡುಕಿಕೊಂಡು ಹೋಗಬೇಕಿಲ್ಲ. 1940ರ ದಶಕದ ನಡುವಿನಲ್ಲಿ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಇದರ ದೊಡ್ಡ ಪ್ರಯೋಗ ನಡೆಯಿತು. ಅದರ ಗೆಲುವು ದೇಶಕ್ಕೆ ಮಾದರಿಯಾಯಿತು. ಮೈಸೂರು ಸಂಸ್ಥಾನದಲ್ಲೂ ಅದಕ್ಕೆ ಮೊದಲೇ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ನಡೆದಿತ್ತು. ಅಲ್ಲಿ ಕೆಲಸ ಮಾಡಿದ ಸ್ವೀಟ್ ಮತ್ತು ಬಿ. ಎ. ರಾವ್ 1937ರಲ್ಲಿ ಸ್ಟೆಫೆನ್ಸಿ ಎಂಬ ಸೊಳ್ಳೆಯ ಎರಡು ತಳಿಗಳನ್ನು ಗುರುತಿಸಿದರು. ಅದರಲ್ಲೊಂದು ಮೈಸೋರೆನ್ಸಿಸ್ ಎಂಬ ಹೆಸರಿನಿಂದ ಇಂದಿಗೂ ವಿಜ್ಞಾನದ ಪುಸ್ತಕಗಳಲ್ಲಿ ಉಳಿದಿದೆ.

ಗೋಡೆಯ ಮೇಲಿನ ತಾರೀಖು

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತೆಂದೂ ಎಂಟು ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ಮಲೇರಿಯಾ ಕಾರ್ಯಕರ್ತ ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬಂದು ಜ್ವರವಿದ್ದವರ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಹಚ್ಚಿಕೊಂಡು, ಕ್ಲೋರೋಕ್ವಿನ್ ಮಾತ್ರೆ ಕೊಟ್ಟು, ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ತೋಟದ ಆಳುಗಳಿಗೆ ವೈದ್ಯಕೀಯ ಸೌಲಭ್ಯ ಒದಗಿಸುವುದನ್ನು ಮಾಲೀಕರ ಹೊಣೆಯಾಗಿಸಿತು. 1965ರ ಹೊತ್ತಿಗೆ ದೇಶದಲ್ಲಿ ದಾಖಲಾದ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು.

ಗೆದ್ದೆವೆಂಬ ಭಾವನೆ ಬಂದಲ್ಲಿ ಕೆಲಸ ಸಡಿಲವಾಯಿತು. ಹಣ ಕಡಿಮೆಯಾಯಿತು. ಸೊಳ್ಳೆಗಳು ಡಿ.ಡಿ.ಟಿ.ಗೆ ಒಗ್ಗಿಕೊಂಡವು. 1976ರಲ್ಲಿ ದಾಖಲಾದ ಪ್ರಕರಣಗಳು 64 ಲಕ್ಷ. ಪರೋಪಜೀವಿಯೂ ಸುಮ್ಮನಿರಲಿಲ್ಲ. ಕ್ಲೋರೋಕ್ವಿನ್ನಿಗೆ ಬಗ್ಗದ ಫಾಲ್ಸಿಪಾರಮ್ ತಳಿ ಭಾರತದಲ್ಲಿ ಮೊದಲು ಕಂಡದ್ದು 1973ರಲ್ಲಿ, ಅಸ್ಸಾಮಿನಲ್ಲಿ. 1990ರ ದಶಕದಲ್ಲಿ ಮಂಗಳೂರಿನಲ್ಲಿ ಮಲೇರಿಯಾ ತಲೆಯೆತ್ತಿದಾಗ ಅದನ್ನು ಹೊತ್ತದ್ದು ಕಟ್ಟಡ ಕೆಲಸದ ತೊಟ್ಟಿಗಳಲ್ಲಿ ಬೆಳೆಯುವ ಸ್ಟೆಫೆನ್ಸಿ ಸೊಳ್ಳೆ. ಕಾಡಿನ ಜ್ವರ ಪೇಟೆಯ ಜ್ವರವೂ ಆಯಿತು.

ಮುಂದಿನ ಮದ್ದು ಬಂದದ್ದು ಮತ್ತೊಂದು ಯುದ್ಧದಿಂದ. ವಿಯೆಟ್ನಾಂ ಸೈನಿಕರ ಜ್ವರಕ್ಕೆ ಮದ್ದು ಹುಡುಕಲು ಚೀನಾ 1967ರಲ್ಲಿ ಗುಟ್ಟಾಗಿ ಒಂದು ಯೋಜನೆ ಆರಂಭಿಸಿತು. ಹಳೆಯ ವೈದ್ಯಗ್ರಂಥದ ಸೂಚನೆ ಹಿಡಿದು ಟು ಯುಯು ಎಂಬ ವಿಜ್ಞಾನಿ ಆರ್ಟಿಮಿಸಿಯ ಗಿಡದ ಸತ್ವವನ್ನು ಕಾಯಿಸದೆ, ಈಥರಿನಿಂದ ತೆಗೆದರು. ಅದೇ ಆರ್ಟಿಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಈಗ ಭಾರತದಲ್ಲಿ ಫಾಲ್ಸಿಪಾರಮ್ ಮಲೇರಿಯಾಕ್ಕೆ ಆರ್ಟಿಮಿಸಿನಿನ್ ವರ್ಗದ ಮದ್ದನ್ನು ಇನ್ನೊಂದು ಮದ್ದಿನ ಜೊತೆಗೂಡಿಸಿ ಕೊಡುತ್ತಾರೆ. ವೈವಾಕ್ಸ್ ಮಲೇರಿಯಾಕ್ಕೆ ಕ್ಲೋರೋಕ್ವಿನ್ ಈಗಲೂ ನಡೆಯುತ್ತದೆ. ಯಕೃತ್ತಿನಲ್ಲಿ ಅವಿತು ಮಲಗುವ ವೈವಾಕ್ಸನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್ ನುಂಗಬೇಕು. ಪ್ರೈಮಾಕ್ವಿನ್ ಆ ಹಳೆಯ ಪಾಮಾಕ್ವಿನ್ನಿನ ಸಂತಾನ. ವಂಶವೃಕ್ಷ ಹಿಡಿದು ಹೋದರೆ ಎರ್ಲಿಕ್‌ನ ನೀಲಿ ಬಣ್ಣಕ್ಕೆ ತಲುಪುತ್ತದೆ. ಜ್ವರ ಬಿಟ್ಟಿತೆಂದು ಮೂರನೆಯ ದಿನಕ್ಕೆ ಮಾತ್ರೆ ನಿಲ್ಲಿಸುವವರಿಗೆ ಕೆಲವು ತಿಂಗಳ ಮೇಲೆ ಜ್ವರ ಮರಳುವುದು ಇದರಿಂದಲೇ.

ಬರಿಗಾಲಿನ ರೋಗ

ತೋಟದ ಆಳುಗಳನ್ನು ಕಾಡಿದ ಪರೋಪಜೀವಿ ಮಲೇರಿಯಾದ್ದೊಂದೇ ಅಲ್ಲ. ಮರಗಳ ನೆರಳು, ತೇವದ ಮಣ್ಣು, ಬರಿಗಾಲು, ಬಯಲು ಶೌಚ. ಕೊಕ್ಕೆಹುಳುವಿಗೆ ಇದಕ್ಕಿಂತ ಹೆಚ್ಚೇನೂ ಬೇಡ. ಮಣ್ಣಿನಲ್ಲಿರುವ ಮರಿಹುಳು ಅಂಗಾಲಿನ ಚರ್ಮ ಕೊರೆದು ಒಳಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಚರ್ಮದ ಮೂಲಕ ಅದು ಒಳಬರುವುದನ್ನು 1898ರಲ್ಲಿ ಕೈರೋ ನಗರದ ಆರ್ಥರ್ ಲೂಸ್ ಕಂಡುಕೊಂಡದ್ದು, ಮರಿಹುಳುಗಳಿದ್ದ ನೀರು ತನ್ನ ಕೈಮೇಲೆ ಚೆಲ್ಲಿದ್ದರಿಂದ. ಮಲೇರಿಯಾದಿಂದ ಬಳಲಿದ ಮೈಗೆ ಕೊಕ್ಕೆಹುಳುವೂ ಸೇರಿದರೆ ಉಳಿಯುವುದು ಬಿಳಿಚಿದ ಮುಖ, ಏದುಸಿರು. ಇಂಥವರನ್ನು ಸೋಮಾರಿಗಳೆಂದು ಜರೆದವರೂ ಇದ್ದರು.

ಇದಕ್ಕೆ ಮೊದಲ ಪರಿಣಾಮಕಾರಿ ಮದ್ದುಗಳಲ್ಲೊಂದು ಥೈಮಾಲ್. ಅದು ನಮ್ಮ ಅಡುಗೆಮನೆಯ ಓಮದ ಕಾಳಿನಲ್ಲಿದೆ. ಮೊದಲ ಮಹಾಯುದ್ಧಕ್ಕೆ ಮುನ್ನ ಭಾರತದ ಓಮ ಜರ್ಮನಿಗೆ ಹೋಗಿ ಅಲ್ಲಿ ಥೈಮಾಲ್ ಆಗುತ್ತಿತ್ತು. ಮಲೇರಿಯಾದ ಕ್ವಿನೈನಿನಂತೆ ಇದೂ ದೊಡ್ಡ ಪ್ರಮಾಣದಲ್ಲಿ ನುಂಗಬೇಕಾದ, ಹೊಟ್ಟೆ ತೊಳಸುವ ಮದ್ದು. 1921ರಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಬಂತು. ಹುಳುವನ್ನು ಕೊಲ್ಲುತ್ತಿತ್ತು, ಯಕೃತ್ತನ್ನೂ ಕೆಡಿಸುತ್ತಿತ್ತು. ಇಂದಿನ ಆಲ್ಬೆಂಡಜೋಲ್ 1970ರ ದಶಕದಲ್ಲಿ ಹುಟ್ಟಿದ್ದು ಕುರಿ ದನಗಳ ಹುಳುವಿಗೆಂದು. ಮನುಷ್ಯರಿಗೆ ಅದು ಬಂದದ್ದು ಆಮೇಲೆ. ಹುಳು ಸಕ್ಕರೆ ಹೀರಿಕೊಳ್ಳದಂತೆ ಮಾಡಿ ಅದನ್ನು ಉಪವಾಸ ಕೆಡವುವುದು ಇದರ ಕೆಲಸ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುತ್ತಿರುವ ಮಾತ್ರೆ ಇದೇ.

ಬೆಂಗಳೂರಿನ ಹುಡುಕಾಟ

ಮಲೇರಿಯಾಕ್ಕೆ ಹೊಸ ಗುರಿ ಹುಡುಕುವ ಕೆಲಸದಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಹಿಮೋಗ್ಲೋಬಿನ್ ತಿಂದು ಬೇಕಾದಷ್ಟು ಹೀಮ್ ಉಳಿಸುವ ಪರೋಪಜೀವಿ, ತನಗೆ ಬೇಕಾದ ಹೀಮನ್ನು ಬೇರೆಯಾಗಿಯೇ ತಯಾರಿಸಿಕೊಳ್ಳುತ್ತದೆ ಎಂಬ ವಿಚಿತ್ರವನ್ನು 1992ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್ ಮತ್ತು ನಮಿತಾ ಸುರೋಲಿಯಾ ತೋರಿಸಿದರು. ಪದ್ಮನಾಭನ್ ಅವರ ತಂಡ 2006ರಲ್ಲಿ ಅರಿಸಿನದ ಕರ್ಕ್ಯುಮಿನ್ ಮತ್ತು ಆರ್ಟಿಮಿಸಿನಿನ್ ವರ್ಗದ ಮದ್ದನ್ನು ಸೇರಿಸಿ ಕೊಟ್ಟರೆ ಇಲಿಗಳ ಮಲೇರಿಯಾ ಗುಣವಾಗುವುದನ್ನು ವರದಿ ಮಾಡಿತು. ಇಲಿಯ ಫಲಿತಾಂಶ ಮನುಷ್ಯನ ಮದ್ದಲ್ಲ. ಅರಿಸಿನದ ಹಾಲು ಕುಡಿದರೆ ಮಲೇರಿಯಾ ಹೋಗುವುದಿಲ್ಲ.

2001ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ, ಸೋಪು ಟೂತ್‌ಪೇಸ್ಟುಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ಪರೋಪಜೀವಿಯನ್ನು ಕೊಲ್ಲುತ್ತದೆಂದು ತೋರಿಸಿದರು. ಪರೋಪಜೀವಿ ಕೊಬ್ಬಿನ ಆಮ್ಲ ತಯಾರಿಸುವ ಬಗೆ ನಮ್ಮದಕ್ಕಿಂತ ಬೇರೆ ಎಂಬುದು ಇದರಿಂದ ಗಮನಕ್ಕೆ ಬಂತು. ಆ ತಯಾರಿ ರಕ್ತದ ಹಂತಕ್ಕಿಂತ ಯಕೃತ್ತಿನ ಹಂತದಲ್ಲಿ ಮುಖ್ಯವೆಂದು ಮುಂದಿನ ವರ್ಷಗಳ ಪ್ರಯೋಗಗಳು ತಿದ್ದಿದವು. ಮದ್ದಿನ ಹುಡುಕಾಟ ನಡೆಯುವುದೇ ಹೀಗೆ, ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ.

ಇನ್ನೊಂದು ಪ್ರಯತ್ನದ ಕಥೆ ಹೆಚ್ಚು ಪಾಠ ಹೇಳುತ್ತದೆ. ಆಸ್ಟ್ರಾಜೆನೆಕಾ ಕಂಪನಿ ಬೆಂಗಳೂರಿನಲ್ಲಿ ಕ್ಷಯ, ಮಲೇರಿಯಾಗಳಂಥ ಬಡದೇಶಗಳ ರೋಗಗಳಿಗೆಂದೇ ಸಂಶೋಧನಾ ಕೇಂದ್ರ ನಡೆಸುತ್ತಿತ್ತು. ಅಲ್ಲಿನ ರಸಾಯನಜ್ಞರು ಲಕ್ಷಗಟ್ಟಲೆ ಸಂಯುಕ್ತಗಳನ್ನು ಜರಡಿ ಹಿಡಿದು, ಸಿಕ್ಕಿದ್ದನ್ನು ತಿದ್ದಿ ತೀಡಿ ಟ್ರೈಅಮಿನೋಪಿರಿಮಿಡಿನ್ ಎಂಬ ಹೊಸ ಗುಂಪಿನ ಅಣುವನ್ನು ಕಟ್ಟಿದರು. ಅದು ಬೇಗ ಕೊಲ್ಲುತ್ತದೆ, ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಹಳೆಯ ಮದ್ದುಗಳಿಗೆ ಬಗ್ಗದ ತಳಿಗಳ ಮೇಲೂ ನಡೆಯುತ್ತದೆ. ಈ ಸಂಶೋಧನೆ 2015ರಲ್ಲಿ ಪ್ರಕಟವಾದಾಗ ಆ ಕೇಂದ್ರ ಇರಲಿಲ್ಲ. ಅದನ್ನು ಮುಚ್ಚುವುದಾಗಿ ಕಂಪನಿ 2014ರಲ್ಲೇ ಹೇಳಿತ್ತು. ಅಣು ಅನಾಥವಾಗಲಿಲ್ಲವೆಂಬುದು ಸಮಾಧಾನ. ಮಲೇರಿಯಾ ಮದ್ದಿಗಾಗಿ ದಾನದ ಹಣದಿಂದ ನಡೆಯುವ ಜಿನೀವಾದ ಸಂಸ್ಥೆಯ ಜೊತೆ ಸೇರಿ ಅಹಮದಾಬಾದಿನ ಜೈಡಸ್ ಅದನ್ನು ಮುಂದುವರಿಸಿತು. ಸ್ವಯಂಸೇವಕರ ಮೇಲಿನ ಮೊದಲ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂತು.

ಈ ಇನ್ನೂರು ವರ್ಷಗಳ ಕಥೆಯನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಾಫಿ ಬೆಟ್ಟದ ಆಳನ್ನು ಉಳಿಸಿದ ಮದ್ದುಗಳಲ್ಲಿ ಆತನಿಗಾಗಿಯೇ ಹುಟ್ಟಿದ್ದು ಅಪರೂಪ. ಮೆಥಿಲೀನ್ ನೀಲಿ ಬಟ್ಟೆಗೆ ಹಚ್ಚುವ ಬಣ್ಣವಾಗಿತ್ತು. ಕ್ಲೋರೋಕ್ವಿನ್ ಕಪಾಟಿನಿಂದ ಹೊರಬಂದದ್ದು ಸೈನಿಕರಿಗಾಗಿ. ಆರ್ಟಿಮಿಸಿನಿನ್ ಕೂಡ ಹಾಗೆಯೇ. ಆಲ್ಬೆಂಡಜೋಲ್ ಕುರಿಗಳಿಗಾಗಿ. ಬೇರೆಯವರ ಅಗತ್ಯಕ್ಕೆ ಮಾಡಿದ್ದು ಅದೃಷ್ಟವಶಾತ್ ಬಡವನಿಗೂ ಆಯಿತು. ಅವನಿಗೆಂದೇ ಕೆಲಸ ಮಾಡುತ್ತಿದ್ದ ಕೇಂದ್ರವೊಂದು ಬೆಂಗಳೂರಿನಲ್ಲಿತ್ತು, ಅದು ಉಳಿಯಲಿಲ್ಲ.

ಭಾರತ 2030ರೊಳಗೆ ಮಲೇರಿಯಾವನ್ನು ಪೂರ್ತಿಯಾಗಿ ತೊಡೆದುಹಾಕುವ ಗುರಿ ಇಟ್ಟುಕೊಂಡಿದೆ. ಮಲೆನಾಡಿನಲ್ಲಿ ಜ್ವರಗಡ್ಡೆ ಎಂಬ ಮಾತು ಹಳೆಯ ತಲೆಮಾರಿನ ನೆನಪಾಗಿದೆ. ಆದರೆ ದೇವರಮನೆಯ ಸುತ್ತಲ ತೊರೆಗಳು ಹಾಗೆಯೇ ಹರಿಯುತ್ತಿವೆ. ಕಾಫಿ ಕೊಯ್ಲಿಗೆ ಈಗ ಅಸ್ಸಾಂ ಮುಂತಾದ ದೂರದ ರಾಜ್ಯಗಳಿಂದಲೂ ಆಳುಗಳು ಬರುತ್ತಾರೆ. ಅವರೊಡನೆ ಪರೋಪಜೀವಿಯೂ ಪ್ರಯಾಣ ಮಾಡಬಲ್ಲದು. ಇದು ಬಂದವರ ತಪ್ಪಲ್ಲ. ಹಿಂದೆ ಮೇಸ್ತ್ರಿ ಕರೆತಂದ ಆಳಿನಂತೆ ರೋಗಕ್ಕೆ ಮೊದಲು ತುತ್ತಾಗುವವರೂ ಅವರೇ. ಜ್ವರ ಬಂದವರಿಗೆಲ್ಲ ರಕ್ತಪರೀಕ್ಷೆ, ಮದ್ದು ಪೂರ್ತಿ ಮುಗಿಸುವಂತೆ ನೋಡಿಕೊಳ್ಳುವುದು, ಲೈನ್ ಮನೆಗಳಲ್ಲಿ ಸೊಳ್ಳೆಪರದೆ. ಕೇಳಲು ಸಣ್ಣ ಕೆಲಸಗಳು. 1965ರ ಅನಂತರ ಕೈಬಿಟ್ಟದ್ದು ಇಂಥ ಸಣ್ಣ ಕೆಲಸಗಳನ್ನೇ.